ಎಡಗೈ ಗವಸು

ರಾಯೆನ್‌ಗೆ ಆಗ ಹತ್ತು ತಿಂಗಳು.
ಕಪ್ಪೆಚಿಪ್ಪು ಬಿಡಿಸುವ ಕಾರ್ಖಾನೆಯಿಂದ ಬೆಳಗಿನ ಜಾವ ಬಂದು
ಬೂಟು ಕೂಡ ಕಳಚದೆ ಅತ್ತುಬಿಟ್ಟೆ.
ಯಾಕೆಂದು ಈಗ ನೆನಪಿಲ್ಲ, ಸಂಬಳ ಹಿಡಿದಿದ್ದರೇನೋ.
ತೊಟ್ಟಿಲಲ್ಲಿ ಅವಳೂ ಶುರುಮಾಡಿದಳು, ನನಗಿಂತ ಜೋರಾಗಿ,
ಅಳು ಯಾರದೆಂದು ಗೊತ್ತಿಲ್ಲದೆ.
ನನ್ನದನ್ನು ಅರ್ಧಕ್ಕೆ ಬಿಟ್ಟು ಅವಳ ಬೆನ್ನು ತಟ್ಟಿದೆ.
ಈ ಮನೆಗೆ ಒಂದೇ ಅಳು ಸಾಕು ನೋಲ್ಫಾ, ಎಂದ ಒನೊಫ್ರೆ,
ಹೊದಿಕೆಯೊಳಗಿಂದ.

ಹಲ್ಲು ಮೂಡುವ ಕೂಸಿಗೆ ನಮ್ಮ ಚಿಲೋಯೆ ದ್ವೀಪದಲ್ಲಿ
ಕೊಚಾಯುಯೊ ಕೊಡುತ್ತೇವೆ, ಒಣಗಿದ ಕಡಲಪಾಚಿಯ ತುಂಡು,
ಚರ್ಮದಷ್ಟು ಗಟ್ಟಿ, ಉಪ್ಪುಪ್ಪು.
ಕುಕಾವೋದ ದಡದಿಂದ ಅವನೇ ಆಯ್ದು ತಂದದ್ದು.
ನಿದ್ದೆಯಲ್ಲೂ ಬಿಡುತ್ತಿರಲಿಲ್ಲ ಅವಳ ಮುಷ್ಟಿ ಅದನ್ನು.
ಒಂದೂವರೆ ವರ್ಷಕ್ಕೆ, ಚೂರಿ ನನ್ನ ಅಂಗೈ ಕೊಯ್ದ ದಿನ,
ತಟ್ಟಾಡುತ್ತ ಬಂದಳು, ಮುಖ ನೋಡಿದಳು,
ಆ ಎಂಜಲು ತುಂಡನ್ನು
ನನ್ನ ತುಟಿಗಳ ನಡುವೆ ತುರುಕಿದಳು.
ಗಾಯ ಕೈಯಲ್ಲಿ, ಮದ್ದು ಬಾಯಿಗೆ.
ಅವಳಿಗೆ ಗೊತ್ತಿದ್ದದ್ದು ಒಂದೇ ನೋವು, ಹಲ್ಲಿನದು.
ಕಚ್ಚಿದೆ. ಇನ್ನೇನು ಮಾಡಲಿ,
ಸ್ವಲ್ಪ ಜಗಿದೆ ಕೂಡ.

ಎಲ್ಲ ದಿನವೂ ಹೀಗಲ್ಲ, ಹೇಳಿಬಿಡುತ್ತೇನೆ.
ನನ್ನಮ್ಮ ಹೋದ ಸುದ್ದಿ ಬಂದ ಸಂಜೆ
ಕೆನ್ನೆಗೆ ಪಟಾರನೆ ಹೊಡೆದು ನಕ್ಕಳು,
ಮತ್ತೆ ಹೊಡೆದಳು.
ಒದ್ದೆ ಕೆನ್ನೆಯ ಸದ್ದು ಚೆನ್ನಾಗಿತ್ತೇನೋ.

ಈ ಜೂನಿನ ಚಳಿಯಲ್ಲಿ, ಸೌದೆ ಒಲೆಯ ಮುಂದೆ,
ಬೆರಳು ಮಡಚಲಾಗದೆ ಕೂತಿದ್ದೆ.
ಕಣ್ಣಲ್ಲಿ ನೀರಿಲ್ಲ, ಬಾಯಲ್ಲಿ ಸೊಲ್ಲಿಲ್ಲ.
ಆಲೂಗಡ್ಡೆ ಉರುಳಿಸುತ್ತಿದ್ದವಳು ನಿಂತಳು.
ಪಾಚಿಯ ತುಂಡನ್ನು ಎತ್ತಿಕೊಂಡಳು,
ಅದನ್ನೇ ನೋಡಿದಳು,
ನೆಲಕ್ಕಿಟ್ಟಳು.
ಬಾಗಿಲ ಹಿಂದಿನ ಗೂಟಕ್ಕೆ ಎಗರಿ ಎಗರಿ
ನನ್ನ ಬೂದು ಉಣ್ಣೆಯ ಗವಸು ಎಳೆದು ತಂದಳು,
ಒಂದೇ ಒಂದು.

ನೋವು ಅಲ್ಲಿದೆ, ತನ್ನಲ್ಲಿಲ್ಲ:
ಇಷ್ಟು ತಿಳಿಯಲು ಅವಳು ನನ್ನಿಂದ
ಒಂದು ಗೇಣು ಆಚೆ ಸರಿಯಬೇಕಾಯಿತು.
ಆ ಗೇಣು ನನಗೂ ಕಂಡಿತು.
ಯಾರಿಗೂ ಹೇಳಲಿಲ್ಲ.

ಎಡಗೈಯ ಗವಸನ್ನು ಬಲಗೈಗೆ ತೊಡಿಸಿದಳು,
ಹೆಬ್ಬೆರಳಿನ ಗೂಡು ಖಾಲಿ ಜೋಲುತ್ತಿತ್ತು.
ಬಿಸಿ ಆಲೂಗಡ್ಡೆಗೆ ನಾವು ಊದುವ ಹಾಗೆ
ಉಣ್ಣೆಯ ಮೇಲೆ ಉಫ್ ಎಂದಳು, ಉಗುಳು ಸಿಡಿಯಿತು.
ರಾತ್ರಿ ಪಾಳಿಯ ಬಸ್ಸಿಗೆ ಹಾಗೇ ಹತ್ತಿದೆ.
ಡ್ರೈವರು ಕೇಳಿದ,
ನೋಲ್ಫಾ, ಕೈಗೇನಾಯಿತು?