ಹನ್ನೆರಡು ಸೆಕೆಂಡು

ಪೀಣ್ಯದಿಂದ ಚಿಕ್ಕಪೇಟೆಗೆ ಮೆಟ್ರೋದಲ್ಲಿ
ತೊಡೆಯ ಮೇಲಿಟ್ಟುಕೊಂಡು ತಂದೆ ಡ್ರೈವನ್ನು,
ಊಟದ ಡಬ್ಬಿಯಷ್ಟೇ ಗಾತ್ರ.
ತಪಾಸಣೆಯವನು ಎರಡು ಸಲ ತಿರುಗಿಸಿ ನೋಡಿ
ಏನಿದು ಅಂದಿದ್ದ.
ಮೋಟಾರಿಗೆ ಲಗಾಮು ಅಂದೆ. ನಗಲಿಲ್ಲ.

ಕಬ್ಬನ್‌ಪೇಟೆಯ ಆ ಗಲ್ಲಿಯಲ್ಲಿ ಎರಡು ಸ್ಕೂಟರು ಎದುರಾದರೆ
ಒಂದು ಯಾರದೋ ಮನೆಯೊಳಗೆ ಹೋಗಬೇಕು.
ಬನಶಂಕರಯ್ಯನವರ ಕೆಳಮನೆಯಲ್ಲಿ
ರೇಷ್ಮೆಗೆ ಹುರಿ ಹಾಕುವ ಯಂತ್ರ, ನೂರಾ ಇಪ್ಪತ್ತು ಕದಿರು,
ಮೂರು ಎಚ್‌ಪಿಯ ಹಳೇ ಮೋಟಾರು.
ಗುಂಡಿ ಒತ್ತಿದರೆ ಬೆಚ್ಚಿದ ಎತ್ತಿನ ಹಾಗೆ ಒಂದೇ ನೆಗೆತ:
ಹತ್ತು ಎಳೆ ಹರಿಯಿತು, ಹದಿನೈದು ಹರಿಯಿತು.
ಸಂಪಂಗಮ್ಮ ಓಡಾಡಿ ಗಂಟು ಹಾಕುತ್ತಾರೆ
ಇಪ್ಪತ್ತಾರು ವರ್ಷದಿಂದ,
ಇನ್ನೊಬ್ಬರ ಆತುರಕ್ಕೆ.

ನಾನು ವಿವರಿಸಿದೆ.
ಬೆಸ್ಕಾಂ ಕೊಡುವುದು ಐವತ್ತು ಹರ್ಟ್ಜ್, ಒಂದೇ ತಾಳ,
ಮೋಟಾರಿಗೆ ಬೇರೆ ಗೊತ್ತಿಲ್ಲ.
ಈ ಪೆಟ್ಟಿಗೆ ಆ ತಾಳವನ್ನು ಬಿಚ್ಚಿ ನೇರ ಮಾಡಿ
ನಮಗೆ ಬೇಕಾದ ಅಳತೆಗೆ ಮತ್ತೆ ಕಟ್ಟಿ ಕೊಡುತ್ತದೆ.
'ಹುರಿ ಬಿಚ್ಚಿ ಮತ್ತೆ ಹುರಿ ಹಾಕಿದ ಹಾಗೆ,'
ಅಂದರು ಸಂಪಂಗಮ್ಮ, ತಲೆಯೆತ್ತದೆ.
ನನ್ನ ಡಿಪ್ಲೊಮಾದಲ್ಲಿ ಯಾರೂ ಹೀಗೆ ಹೇಳಿರಲಿಲ್ಲ.

ವೇಗ ಏರಲು ಎಷ್ಟು ಸೆಕೆಂಡು ಇಡಲಿ?
'ಬೇಗ ಇಡಮ್ಮಾ,' ಬನಶಂಕರಯ್ಯ.
ಐದಕ್ಕಿಟ್ಟೆ. ಆರು ಎಳೆ ಹೋದವು.
ಎಂಟಕ್ಕೆ ಎರಡು.
ಸಂಪಂಗಮ್ಮ ಮೋಟಾರಿನ ಬೆನ್ನ ಮೇಲೆ ಅಂಗೈಯಿಟ್ಟು
ಅಕ್ಕಿ ಅಳೆಯುವ ಹಾಗೆ ಎಣಿಸತೊಡಗಿದರು:
ಲಾಭ, ಎರಡು, ಮೂರು...
ಹನ್ನೆರಡಕ್ಕೆ ಕದಿರುಗಳೆಲ್ಲ ಮಂಜಾದವು,
ಒಂದು ಎಳೆಯೂ ಹೋಗಲಿಲ್ಲ.

ಕಬ್ಬಿಣದೊಳಗೆ ಸೊಳ್ಳೆ ಸಿಕ್ಕಿಬಿದ್ದಂಥ ಸಿಳ್ಳೆಯೊಂದಿತ್ತು.
ಇನ್ನೊಂದು ಅಂಕಿ ಏರಿಸಿದೆ,
ಅದು ನಮಗೆ ಕೇಳದ ಎತ್ತರಕ್ಕೆ ಹೋಯಿತು.
ಗಲ್ಲಿಯ ನಾಯಿ ಮಾತ್ರ ಕಿವಿ ನಿಮಿರಿಸಿತು.

ತೀರಾ ನಿಧಾನಕ್ಕೆ ಓಡಿಸಬೇಡಿ, ಯಜಮಾನರೇ.
ಇದರ ಫ್ಯಾನು ಇದರದೇ ಶಾಫ್ಟಿನ ಮೇಲಿದೆ.
ತಾನು ನಿಧಾನವಾದರೆ ಗಾಳಿಯೂ ನಿಧಾನ,
ಮೈ ಕಾಯುತ್ತದೆ.
ಬನಶಂಕರಯ್ಯ ಸ್ಟೂಲಿನ ಮೇಲೆ ಕೂತು ಮಂಡಿ ನೀವಿಕೊಂಡರು.
'ಗೊತ್ತು,' ಅಂದರು.

ಕರೆಂಟು ತೆಗೆದೆ.
ಒಳಗಿನ ಒಂದು ತಂತಿ ಬಿಗಿಮಾಡುವುದಿತ್ತು,
ಆದರೆ ಕೆಂಪು ದೀಪ ಆರಿರಲಿಲ್ಲ:
ಐನೂರು ವೋಲ್ಟು ಇನ್ನೂ ಅಲ್ಲಿ ಉಸಿರು ಹಿಡಿದು ಕೂತಿದೆ,
ಐದು ನಿಮಿಷ ಯಾರೂ ಮುಟ್ಟಬಾರದು.

ಬೈಟು ಕಾಫಿ ಬಂತು.
ಗಂಟು ಹಾಕಲು ಏನೂ ಇರಲಿಲ್ಲ.
ಸಂಪಂಗಮ್ಮನ ಹೆಬ್ಬೆರಳು, ತೋರುಬೆರಳು
ಲೋಟದ ಅಂಚಿನ ಮೇಲೆ
ಇಲ್ಲದ ಎಳೆಯೊಂದನ್ನು ಹೊಸೆಯುತ್ತಲೇ ಇದ್ದವು.
ದೀಪ ಆರಿತು.
ನಾನು ಸ್ಕ್ರೂಡ್ರೈವರ್ ಎತ್ತಿಕೊಳ್ಳದೆ
ಇನ್ನೂ ಸ್ವಲ್ಪ ಹೊತ್ತು ಕಾದೆ.