ಸಿಂಕಿನಿಂದ ಹನ್ನೊಂದಡಿ

ಪಾತ್ರೆ ತೊಳೆಯುವ ಯಂತ್ರವನ್ನು ಸಿಂಕಿನ ಪಕ್ಕವೇ ಇಡಬೇಕೆಂದು
ಅದರ ಪುಸ್ತಕದಲ್ಲಿ ಏಳು ಭಾಷೆಗಳಲ್ಲಿ ಬರೆದಿದೆ.
ಕನ್ನಡ ಅದರಲ್ಲಿಲ್ಲ. ಚಿತ್ರ ನೋಡಿದರೆ ಸಾಕು.
ಕುಂಬಳೆಯ ಈ ಅಡುಗೆಮನೆ ಆ ಚಿತ್ರದ ಹಾಗಿಲ್ಲ.

ಸಿಂಕು ಮೂಡು ಗೋಡೆಗೆ, ಬಲಕ್ಕೆ ಗ್ಯಾಸು, ಎಡಕ್ಕೆ ಅಕ್ಕಿಯ ಡಬ್ಬ,
ಆಮೇಲೆ ಹಿತ್ತಿಲ ಬಾಗಿಲು.
ಉಳಿದದ್ದು ಪಡು ಮೂಲೆ ಒಂದೇ.
ಅಳೆದೆ. ಹನ್ನೊಂದಡಿ, ಮೇಲೊಂದು ಬೆರಳು.

"ಆಗ್ತದಾ?" ಎಂದರು ವಾರಿಜಕ್ಕ.
ಚಿಟ್ಟಿ ಎದ್ದ ದುಡ್ಡಿನ ಯಂತ್ರ.
ಸಾಬೂನು ತಾಗಿದರೆ ಬಿರಿಯುವ ಅಂಗೈಗಳನ್ನು
ನೈಟಿಯ ಮಡಿಕೆಯಲ್ಲಿ ಅಡಗಿಸಿಕೊಂಡೇ ಮಾತಾಡುತ್ತಾರೆ.
ಆಗ್ತದೆ ಅಂದೆ. ದಾರಿ ತೋರಿಸಿದರೆ ನೀರು ಎಲ್ಲಿಗೂ ಹೋಗ್ತದೆ,
ತೋರಿಸದಿದ್ದರೂ ಹೋಗ್ತದೆ, ತೊಂದರೆ ಅದೇ.

ಬರುವ ನೀರಿನದ್ದು ಸುಲಭ, ಒತ್ತಡ ಇದೆ, ಹತ್ತುತ್ತದೆ:
ನಲ್ಲಿಯ ಬುಡಕ್ಕೊಂದು ಟೀ, ಬಾಗಿಲ ನೆತ್ತಿಯ ಮೇಲಿಂದ ಪೈಪು,
ಪಡು ಮೂಲೆಯಲ್ಲಿ ಮುಕ್ಕಾಲಿಂಚಿನ ಕೋಕು.
ಹೋಗುವ ನೀರು ಸೋಮಾರಿ.
ಯಂತ್ರದ ಪಂಪು ಪುಟ್ಟದು, ಐದಡಿ ದೂಡಿ ದಣಿಯುತ್ತದೆ.
ಕೊಳವೆಯನ್ನು ಮೊದಲು ಮೊಣಕಾಲಿನ ಮೇಲೆ ಎತ್ತಿ ಬಗ್ಗಿಸಬೇಕು,
ಇಲ್ಲವಾದರೆ ಎಂಜಲು ತಿರುಗಿ ಒಳಗೇ ಬಂದು ಮಲಗುತ್ತದೆ.
ಆಮೇಲೆ ದೊಡ್ಡ ಪೈಪಿಗೆ ಒಪ್ಪಿಸಿ
ಅಡಿಗೆ ಕಾಲಂಗುಲ ಇಳಿಜಾರು.
ಎಲ್ಲೂ ಪೈಪು ಹೊಟ್ಟೆ ಬಿಡಬಾರದು.

ಇದನ್ನು ಕಲಿತದ್ದು ಮಲೆಯಾಳದಲ್ಲಿ,
ಪಂಚಾಯತಿನವರು ಹೆಂಗಸರಿಗೆಂದು ಇಟ್ಟ ಕ್ಲಾಸಿನಲ್ಲಿ.
ಅಂಗಡಿಯಲ್ಲಿ ಸಾಮಾನು ಕೇಳುವುದೂ ಮಲೆಯಾಳದಲ್ಲಿ,
ಕೀಲು ಸೋರಿದರೆ ಬೈಯುವುದು ತುಳುವಿನಲ್ಲಿ.
ಲೆಕ್ಕ ಮಾತ್ರ ಇವತ್ತಿಗೂ ಕನ್ನಡ ಶಾಲೆಯ ಮಗ್ಗಿಯಲ್ಲೇ ಬರುತ್ತದೆ:
ಹನ್ನೊಂದು ಕಾಲು ಎರಡೂಮುಕ್ಕಾಲು.

ಮೂಲೆಯ ಟೈಲು ಬಡಿದೆ. ಪೊಳ್ಳು ಸದ್ದು.
ನೆಲಕ್ಕೆ ತಾಗಿ ಒಂದು ತೂತು, ಗೆರಟೆಯ ಬಾಯಿಯಷ್ಟು,
ಗೋಣಿ ತುರುಕಿ ಸಿಮೆಂಟು ಮೆತ್ತಿದ್ದು.
ಕಿತ್ತೆ. ಆಚೆಯ ಬಿಸಿಲು ಒಂದು ರೂಪಾಯಿಯಷ್ಟು
ನೆಲದ ಮೇಲೆ ಬಿತ್ತು.

ವಾರಿಜಕ್ಕ ತುಸು ಹೊತ್ತು ಸುಮ್ಮನಿದ್ದರು.
"ಅಲ್ಲಿ ಕಡೆಯುವ ಕಲ್ಲು ಇತ್ತು."
ಅಕ್ಕಿ, ಉದ್ದು, ಮಸಾಲೆ, ಕಲ್ಲು ತೊಳೆದ ನೀರೆಲ್ಲ ಆ ತೂತಿನಿಂದ
ಬಸಳೆಯ ಬುಡಕ್ಕೆ. ಆಗ ಆಚೆ ಈಚೆ ಒಂದೇ ಹಿತ್ತಿಲು.
ಪಾಲಾದಾಗ ಬಸಳೆಯ ಜಾಗ ಓರಗಿತ್ತಿ ಸುಂದರಿಗೆ ಹೋಯಿತು.
ನನ್ನ ನೀರು ನನ್ನಲ್ಲೇ ಇರಲಿ ಎಂದು
ಇವರೇ ಒಂದು ರಾತ್ರಿ, ಯಾರನ್ನೂ ಕರೆಯದೆ,
ಕೈಯಿಂದಲೇ ಮೆತ್ತಿದರಂತೆ.
ಕಿತ್ತ ತುಂಡಿನ ಮೇಲೆ ನಾಲ್ಕು ಬೆರಳುಗಳ ಗುರುತಿತ್ತು.

ಸುತ್ತು ಬಳಸುವ ಹನ್ನೊಂದಡಿಯ ಬದಲು
ಒಂದಡಿ ಗೋಡೆ ದಾಟಿದರೆ ಕೆಲಸ ಮುಗಿಯಿತು.
ಅವರಿಗೂ ಹೊಳೆದಿತ್ತು. "ಹೀಗೇ ಬಿಟ್ಟರೆ?" ಎಂದರು,
ನನ್ನನ್ನು ಕೇಳಿದ್ದೋ ತೂತನ್ನೋ.
ಪೊಟ್ಟಣ ತೋರಿಸಿದೆ. ಇದು ಉಪ್ಪು ತಿನ್ನುವ ಯಂತ್ರ ಅಕ್ಕ,
ತಿಂಗಳಿಗೆ ಒಂದು ಕಿಲೋ, ಮೇಲೆ ಈ ಸಾಬೂನಿನ ಪುಡಿ.
ಬಸಳೆ ವಾರದಲ್ಲಿ ಕರಟುತ್ತದೆ.
ಅಂಗೈ ತೆರೆದು ನೋಡಿಕೊಂಡರು.
"ಹಾಗಾದರೆ ಬೇಡ. ಸುತ್ತಿಸಿಯೇ ತನ್ನಿ."

ಸುತ್ತಿಸಿಯೇ ತಂದೆ, ಹಿತ್ತಿಲ ಮೆಟ್ಟಿಲ ಅಡಿ ಕೊರೆದು.
ಎರಡು ಎಲ್ಬೋ ಹೆಚ್ಚು, ಅರ್ಧ ದಿನ ಹೆಚ್ಚು.
ನಾಲ್ಕು ಗಂಟೆಗೆ ನೀರು ಬಿಟ್ಟು
ಕೀಲುಗಳ ಕೆಳಗೆ ಪೇಪರು ಹಾಸಿ ಕಾದೆ.
ಹನಿ ಬೀಳಲಿಲ್ಲ. ಯಂತ್ರ ಗುರುಗುಟ್ಟತೊಡಗಿತು.
ತೂತು ಮುಚ್ಚಲು ಗಾರೆ ಕಲಸಿ
ಕರಣೆ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದೆ.

ಆಗ ನೆಲದ ಮಟ್ಟದಲ್ಲಿ,
ಬಸಳೆಯ ಬುಡಕ್ಕೆ ಬಗ್ಗಿದವರ ಸ್ವರ:
"ವಾರಿಜಾ, ಎಂತ ಕಡೆಯುವುದು?"

ಹತ್ತೊಂಬತ್ತು ವರ್ಷದ ಮೇಲೆ ಎಂದು ಆಮೇಲೆ ತಿಳಿಯಿತು.
ವಾರಿಜಕ್ಕ ಬಾಯಿ ತೆರೆದರು, ಮುಚ್ಚಿದರು,
ನನ್ನ ಕೈಯ ಕರಣೆ ತೆಗೆದು ಬದಿಗಿಟ್ಟರು.
ಗಾರೆ ಬಾಣಲೆಯಲ್ಲೇ ಕಲ್ಲಾಯಿತು.

ಬಿಲ್ಲಿನಲ್ಲಿ ಅದಕ್ಕೂ ಅರವತ್ತು ರೂಪಾಯಿ ಬರೆದಿದ್ದೇನೆ.
ಹಾಳಾದರೂ ಸಿಮೆಂಟು ಸಿಮೆಂಟೇ.