ಅರ್ಧ ಶಟರು

ಹತ್ತಕ್ಕೆ ಮುಚ್ಚುತ್ತದೆ ನಮ್ಮ ಶಿವಮೊಗ್ಗ.
‘ರಾತ್ರಿಗೆ ಏನೈತಿ ನಿಮ್ಮೂರಾಗ?’
ಹುಬ್ಬಳ್ಳಿಯ ನಾದಿನಿ ಫೋನಲ್ಲಿ ನಗುತ್ತಾಳೆ.
ಎಂತದೂ ಇಲ್ಲ ಅನ್ನುತ್ತೇನೆ.
ಇದ್ದದ್ದನ್ನೆಲ್ಲ ಹೇಳಲು ಕರೆನ್ಸಿ ಸಾಲದು.

ಶನಿವಾರ, ಒಂಬತ್ತೂ ಐವತ್ತು.
ನನ್ನ ಜೆರಾಕ್ಸ್ ಮಿಷನ್ನು
ವಾರದ ಕೊನೆಯ ಜಾಮೀನು ಅರ್ಜಿಯನ್ನು
ಹಪ್ಪಳದ ಹಾಗೆ ಬಿಸಿಬಿಸಿ ಕೊಟ್ಟು
ಉಸ್ಸೆಂದು ಕೂತಿತು.
ದುರ್ಗಿಗುಡಿಯ ಉದ್ದಕ್ಕೂ ಶಟರುಗಳು
ಗಡಗಡ ಇಳಿದವು,
ನೆಲಕ್ಕೆ ಮೂರಡಿ ಇರುವಾಗ ನಿಂತವು.

ಆ ಮೂರಡಿ ನಮ್ಮದು.
ಬೀಟಿನ ಪೊಲೀಸು ಬೈಕು ನಿಲ್ಲಿಸಿ ನೋಡುತ್ತಾನೆ.
ನಿಂತು ನೋಡಿದರೆ ಮುಚ್ಚಿದೆ;
ಬಗ್ಗಿ ನೋಡಲು ಅವನ ಬೆಲ್ಟು ಒಪ್ಪುವುದಿಲ್ಲ.

ನಾನು ಬಗ್ಗುತ್ತೇನೆ.
ನಲವತ್ತೇಳರ ಮಂಡಿ ಲಟಕ್ಕೆನ್ನುತ್ತದೆ.
ಒಳಗೆ ಇನಾಯತ್, ಬೋರ್ಡು ಬರೆಯುವವನು,
ಒಂದು ಕಣ್ಣು ಮುಚ್ಚಿ
‘ಮಂಡಕ್ಕಿ’ಯ ಒತ್ತನ್ನು ಕೆಳಗೆ ಎಳೆಯುತ್ತಿದ್ದಾನೆ.
‘ಒತ್ತಕ್ಷರ ಊಟ ಆದಮೇಲೇ ಬರೀಬೇಕು ಅಕ್ಕಾ,
ಹಸಿದ ಕೈ ಗಿಡ್ಡ ಎಳೆಯುತ್ತೆ.’
ಫ್ಲೆಕ್ಸಿನಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ವಯಸ್ಸು.
ಇವನವುಗಳಲ್ಲಿ ಮುದುಕರಿದ್ದಾರೆ,
ಒಂದೆರಡು ಬಸುರಿಯರೂ.

ಈ ಬೋರ್ಡಿಗೆ ಕೂಲಿ, ದೀಪಾವಳಿಯ ತನಕ
ದಿನಾ ಒಂದು ಪ್ಲೇಟು.
ಕೊಡುವವನು ಹಾಲೇಶ, ಸರ್ಕಲ್ಲಿನ ಗಾಡಿಯವನು.
ಹಸಿ ಕೊಬ್ಬರಿ ಎಣ್ಣೆ, ಈರುಳ್ಳಿ, ಹುರಿದ ಶೇಂಗಾ,
ಬಕೆಟ್ಟಿನೊಳಗೆ ಮೊಣಕೈ ತನಕ ಕೈ ಹಾಕಿ ಕಲಸಿ
ನನ್ನ ಅಂಗಡಿಯ ಕೆಟ್ಟ ಕಾಪಿಯಲ್ಲೇ ಪೊಟ್ಟಣ ಕಟ್ಟಿದ.
ಯಾರದೋ ಪಹಣಿ.
ಎಣ್ಣೆ ಹರಡಿ ಸರ್ವೆ ನಂಬರು ಒದ್ದೆಯಾಗಿ
ಅಣ್ಣತಮ್ಮಂದಿರ ಗಡಿ ಅಳಿಸಿಹೋಯಿತು. ತಿಂದೆವು.
ಕಾಗದದ ದುಡ್ಡು ಅವನು ನನಗೆ ಬಾಕಿ,
ಬೋರ್ಡಿನ ಬಣ್ಣದ ದುಡ್ಡು ನಾನು ಇನಾಯತನಿಗೆ.
ಲೆಕ್ಕ ಬರೆದವರಿಲ್ಲ.
ಚುಕ್ತಾ ಆದರೆ ಬಗ್ಗಲಿಕ್ಕೆ ನೆವ ಎಲ್ಲಿಂದ ತರುವುದು?

ಗಾಂಧಿ ಬಜಾರಿನ ಹಿಂದೆ
ಗೊಬ್ಬರದ ಗೋದಾಮಿನ ಅಟ್ಟದಲ್ಲಿ ತಾಲೀಮು.
ರಾಣಿ ಪ್ರಫುಲ್ಲಾ ಹಗಲು ವಿಮೆ ಮಾರುತ್ತಾಳೆ,
ಸಾಯುವ ದೃಶ್ಯದಲ್ಲಿ ಅವಳನ್ನು ಮೀರಿಸಿದವರಿಲ್ಲ.
ರಾಜ ಗಿಡ್ಡಯ್ಯ, ಮೆಸ್ಕಾಂ ಲೈನ್‌ಮನ್.
ಕರೆಂಟು ಹೋದರೆ ನಮ್ಮ ನಾಟಕ
ಎರಡು ಕಾರಣಕ್ಕೆ ನಿಲ್ಲುತ್ತದೆ.
ಹೋಯಿತು.
ಕಿರೀಟದಲ್ಲೇ ಇಳಿದು ಹೋದ.
ಕತ್ತಲಲ್ಲಿ ಯೂರಿಯಾ ಚೀಲಗಳ ಮೇಲೆ
ಮಂತ್ರಿ, ದೂತ, ನಾನು, ಸತ್ತ ರಾಣಿ
ಒಂದೇ ಬೀಡಿಯ ಕೆಂಪನ್ನು ನೋಡುತ್ತ ಕೂತೆವು.
ಸ್ವಲ್ಪ ಹೊತ್ತಿಗೆ ಆಚೆ ಬೀದಿಯಲ್ಲಿ
ಮನೆಯಿಂದ ಮನೆಗೆ ಬೆಳಕು ಹತ್ತುತ್ತ ಬಂತು.
ಕಂಬದ ಮೇಲಿದ್ದ ರಾಜನಿಗೆ
ಕಿಟಕಿಯಿಂದಲೇ ಚಪ್ಪಾಳೆ ತಟ್ಟಿದೆವು.

ಹನ್ನೆರಡು ಕಳೆದಿತ್ತು.
ಸ್ಕೂಟಿ ತಾನಾಗಿಯೇ ಹೊಳೆಯ ಕಡೆಗೆ ತಿರುಗಿತು.
ಹಳೇ ಸೇತುವೆಯ ಪಕ್ಕ ಮೆಟ್ಟಿಲ ಮೇಲೆ
ಬ್ಯಾಂಡಿನ ಹುಡುಗರು, ಕೆಂಪು ಕೋಟಿನ ಗುಂಡಿ ಬಿಚ್ಚಿ,
ಮದುವೆ ಮನೆಯ ಜಿಲೇಬಿ ಹಂಚಿಕೊಳ್ಳುತ್ತಿದ್ದರು.
ಭದ್ರಾವತಿಯ ಸೆಲ್ವರಾಜನಿಗೆ ಕೊನೆ ಬಸ್ಸು ತಪ್ಪಿದೆ.
ತಪ್ಪಿಸಿಕೊಂಡದ್ದು ಅಂತ ನನ್ನ ಗುಮಾನಿ.
ಕೈ ಒರೆಸಿಕೊಂಡು ಕ್ಲಾರಿಯೊನೆಟ್ ಎತ್ತಿದ.
ಯಾವ ಬೀಗರೂ ಎಂದೂ ಕೇಳದ್ದನ್ನು ನುಡಿಸಿದ:
ತಮಿಳಲ್ಲಿ ಎದ್ದು, ನಡುವೆ ಎಲ್ಲೋ ಕನ್ನಡಕ್ಕೆ ಹೊರಳಿ,
ಕಾರ್ಖಾನೆಯ ಪಾಳಿಯ ಸೈರನ್ನಿನ ಹಾಗೆ
ಎಳೆದು, ಎಳೆದು,
ನಿಂತಿತು.
ಡ್ರಮ್ಮಿನವನು ಕಡ್ಡಿ ಮುಟ್ಟಲಿಲ್ಲ.
ತುಂಗೆಯಲ್ಲಿ ಏನೋ ಮುಳುಗಿ ಎದ್ದಿತು, ಮೀನೋ, ತೆಂಗಿನಕಾಯಿಯೋ.
‘ಮತ್ತೊಂದು’ ಅಂದೆ.
‘ಅಕ್ಕಾ, ಇದು ಒಂದೇ ಇರೋದು’ ಅಂದ.

ಅಂಗಡಿಗೆ ಬಂದು, ಬೀಗ ಹಾಕಲು ಬಂದವಳು,
ದೀಪ ಹಾಕಿದ್ದೇಕೋ.
ಮಿಷನ್ನು ಇನ್ನೂ ಬೆಚ್ಚಗಿತ್ತು, ಮಲಗಿದ ಎಮ್ಮೆಯ ಪಕ್ಕೆಯ ಹಾಗೆ.
ನಾದಿನಿಗೆ ಫೋನು ಮಾಡುವ ಹೊತ್ತಲ್ಲ.
ಹೊರಗೆ ಎರಡು ಚಪ್ಪಲಿ ಬಂದು ನಿಂತವು,
ಒಂದಕ್ಕೆ ಉಂಗುಷ್ಟ ಕಿತ್ತಿದೆ.
‘ಮೂರನೇ ಅಂಕ ಒಂದು ಕಾಪಿ ಬೇಕಿತ್ತು,
ರಾಜನದ್ದು ಕಂಬದ ಮೇಲಿಂದ ಹಾರಿಹೋಯ್ತಂತೆ...’

ಬಗ್ಗಿ ಬಾ ಮಾರಾಯ.
ತಲೆ ಜೋಪಾನ.